ಗೋಡೆಯ ಮೇಲಿನ ತೂಬು

"ಗುರುಗಳೇ, ಎಲ್ಲರೂ ಕೂಡಿ ಕಟ್ಟುವ ಮುಕ್ತ ತಂತ್ರಾಂಶದಲ್ಲಿ ನನ್ನ ಪಾಲಿನ ಭಾಗ ಚೆನ್ನಾಗಿಯೇ ನಡೆಯುತ್ತಿದೆ. ಅದರ ವಿನ್ಯಾಸವನ್ನು ಪೂರ್ತಿಯಾಗಿ ಬರೆದಿಡು, ಅದೂ ಎಲ್ಲರೂ ಒಪ್ಪಿದ ಕ್ರಮದಲ್ಲೇ ಬರೆ ಎನ್ನುತ್ತೀರಿ. ಆ ಹೊತ್ತಿನಲ್ಲಿ ಇನ್ನೊಂದು ಭಾಗವನ್ನೇ ಕಟ್ಟಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಊರಿಗೊಂದು ಕೆರೆ ಇತ್ತು. ಕೆರೆ ಯಾರೊಬ್ಬರ ಸ್ವತ್ತೂ ಅಲ್ಲ. ಬಲ್ಲವರು ಯಾರು ಬೇಕಾದರೂ ಕಾಲುವೆ ತಿದ್ದಬಹುದು, ತೂಬು ಕಟ್ಟಬಹುದು. ಕಟ್ಟಳೆ ಒಂದೇ: ಕೆಲಸ ಮಾಡಿದವನು ಏರಿಯ ಮೇಲಿನ ಮಂಟಪದ ಗೋಡೆಯಲ್ಲಿ ಅದರ ನಕ್ಷೆ ಬರೆಯಬೇಕು. ಗುರುತುಗಳು ಸೀಮೆಗೆಲ್ಲ ಒಂದೇ ಆಗಿರಬೇಕು.

ಅಲ್ಲಿನ ಒಬ್ಬ ರೈತ ತನ್ನೂರ ಕೆರೆಗೆ ಹೊಸ ತೂಬು ಕಟ್ಟಿದ. ಹಳೆಯ ತೂಬಿನ ಕಲ್ಲನ್ನು ಮೇಲೆತ್ತಲು ಹತ್ತಾಳು ಬೇಕಿತ್ತು. ಇವನದನ್ನು ಇಬ್ಬರು ಪಕ್ಕಕ್ಕೆ ಎಳೆದರೆ ಸಾಕು. ಮೇಲೆತ್ತಲು ಹೋದರೆ ಮಾತ್ರ ಸಿಕ್ಕಿಕೊಂಡು ಕೂರುತ್ತಿತ್ತು. ರೈತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಯ ಮೇಲೆ ತೂಬಿನ ಜಾಗದಲ್ಲಿ ತನ್ನದೇ ಗುರುತೆಂದು ಒಂದು ಸಿಂಹದ ಮುಖ ಬರೆದು, ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡ.

ಮಂಟಪಕ್ಕೆ ಸುಣ್ಣ ಬಳಿಯುವ ಅಜ್ಜಿ ಅದನ್ನು ಕಂಡು ಅವನನ್ನು ಕರೆಸಿದಳು.

"ಇದೇನಪ್ಪಾ ಇದು?"

"ನನ್ನ ತೂಬು ಕಣಜ್ಜಿ. ಹೆಂಗೆ ತೆಗೀಬೇಕು ಅಂತ ನಂಗೆ ಗೊತ್ತಲ್ಲ!"

"ನಿಂಗೆ ಗೊತ್ತಪ್ಪಾ. ನೀನಿಲ್ದಾಗ ಕೆರೆ ತುಂಬಿದ್ರೆ ಈ ಸಿಂಹ ಎದ್ದು ಬಂದು ತೆಗೀತದಾ? ಅಳಿಸು. ದಾರೀಲಿ ಹೋಗೋರಿಗೂ ತಿಳಿಯಂಗೆ ಬರಿ."

ಅಜ್ಜಿಯ ಬಾಯಿಗೆ ಹೆದರಿ ರೈತ ಸಿಂಹವನ್ನು ಅಳಿಸಿದ. ಸೀಮೆಯ ಗುರುತಿನಲ್ಲೇ ತೂಬು, ಕಲ್ಲು, ಎಳೆಯುವ ದಿಕ್ಕು ಎಲ್ಲವನ್ನೂ ಬರೆದ. ಅಷ್ಟಕ್ಕೇ ಬಿಡದೆ, ಹೊಸ ತೂಬು ಕಟ್ಟುವಾಗ ಅವನು ಮುಚ್ಚಿದ್ದ ಹಳೆಯ ಕಾಲುವೆಯ ಗೆರೆ ಗೋಡೆಯಲ್ಲಿ ಹಾಗೇ ಉಳಿದದ್ದನ್ನು ಕಂಡು ಅದನ್ನೂ ಅವಳು ಅಳಿಸಿ ಹಾಕಿಸಿದಳು. ಅರ್ಧ ದಿನ ಹಾಳಾಯಿತೆಂದು ಗೊಣಗುತ್ತ ಅವನು ಮನೆಗೆ ಹೋದ.

ಮುಂದೆ ಅವನ ತಮ್ಮನ ಮದುವೆ ಬಂತು. ಊರಿನವರೆಲ್ಲ ಹೆಣ್ಣಿನ ಊರಿಗೆ ದಿಬ್ಬಣ ಹೊರಟರು. ಹೋಳಿಗೆಯ ಆಸೆಗೆ ಅಜ್ಜಿಯೂ ಬಂಡಿ ಹತ್ತಿದಳು. ಏರಿಯ ಕೆಳಗಿನ ಮನೆಯಲ್ಲಿ ರೈತನ ಬಾಣಂತಿ ಹೆಂಡತಿ, ಅವಳ ತಾಯಿ, ಹಸುಗೂಸು ಉಳಿದರು.

ಧಾರೆಯ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಏರಿ ಒಡೆದರೆ ಮೊದಲು ಹೋಗುವುದು ಆ ಮನೆಯೇ. ತೂಬು ತೆಗೆಯಲು ಊರಲ್ಲಿ ಒಬ್ಬ ಆಳೂ ಇಲ್ಲ. ರೈತ ಉಣ್ಣದೆ, ಯಾರಿಗೂ ಹೇಳದೆ, ಅಳುತ್ತಲೇ ತನ್ನೂರಿಗೆ ಓಡಿದ.

ಏರಿ ಗಟ್ಟಿಯಾಗಿ ನಿಂತಿತ್ತು. ಅವನ ತೂಬಿನಿಂದ ನೀರು ಭೋರ್ಗರೆದು ಹಳ್ಳಕ್ಕೆ ಬೀಳುತ್ತಿತ್ತು. ಮಂಟಪದಲ್ಲಿ ಬೇರೆ ಊರಿನ ಕುರಿಗಾಹಿಗಳಿಬ್ಬರು ಕಂಬಳಿ ಹಿಂಡುತ್ತ ಕೂತಿದ್ದರು. ಮಳೆಗೆ ಆಸರೆ ಹುಡುಕಿ ಬಂದವರು ಗೋಡೆಯ ನಕ್ಷೆ ನೋಡಿ, ಕಲ್ಲನ್ನು ಪಕ್ಕಕ್ಕೆ ಎಳೆದಿದ್ದರು. ಕೆಳಗೆ ಮನೆಯಲ್ಲಿ ಮಗುವಿನ ಸ್ನಾನಕ್ಕೆ ನೀರು ಕಾಯುತ್ತಿತ್ತು.

ರೈತ ಆ ಇಬ್ಬರನ್ನೂ ತಬ್ಬಿಕೊಂಡು ಕುಣಿದ. ದಿಬ್ಬಣ ಮರಳಿದಾಗ ವಾಲಗದವರು ಊರೊಳಗೆ ಹೋಗದೆ ನೇರವಾಗಿ ಏರಿ ಹತ್ತಿದರು. ಅಂದಿನ ಊಟಕ್ಕೆ ಕುರಿಗಾಹಿಗಳ ಎಲೆ ಮದುಮಗನ ಪಕ್ಕದಲ್ಲೇ ಬಿತ್ತು.

ಕತೆ ಮುಗಿಸಿ ಗುರು ಕೇಳಿದರು: "ಈಗ ನೀನೇ ಹೇಳು, ಆ ತೂಬು ಕಟ್ಟಿ ಮುಗಿದದ್ದು ಕಲ್ಲು ಕೂರಿಸಿದ ದಿನವೋ, ಗೋಡೆಯಲ್ಲಿ ಬರೆದ ದಿನವೋ?"

ಶಿಷ್ಯ ತನ್ನ ಭಾಗದ ವಿನ್ಯಾಸವನ್ನು ಎಲ್ಲರೂ ಒಪ್ಪಿದ ಕ್ರಮದಲ್ಲೇ ಬರೆಯಲು ಕೂತ.