ಮೂಕವ್ವನ ಕಟ್ಟೆಯ ಕಲ್ಲುಗುಡ್ಡೆ

ನಮ್ಮೂರಿನ ಸಂತೆಮಾಳದ ಆಚೆ, ಮೂರು ದಾರಿ ಕೂಡುವಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ಅದರ ಮೇಲೆ ಬಾಯಿಯಿಲ್ಲದ ಹೆಂಗಸಿನ ಮೂರ್ತಿ, ಮೂರ್ತಿಯ ಕಾಲಬುಡದಲ್ಲಿ ಬಂಡೆಗೆ ಬಡಿದ ಕಬ್ಬಿಣದ ಬಳೆ, ಬಡಗಣ ದಾರಿಯ ಅಂಚಿಗೆ ಆಳೆತ್ತರದ ಕಲ್ಲುಗುಡ್ಡೆ. ಸುತ್ತಲೂ ಕಂಬಳಿ ಅಂಗಡಿಗಳು. ಈಗ ಪ್ರತಿ ಅಂಗಡಿಗೂ ವೆಬ್‌ಸೈಟ್ ಇದೆ. ಎಲ್ಲದರಲ್ಲೂ ಒಂದೇ ಬರಹ, ಅಂಗಡಿಯ ಹೆಸರಷ್ಟೇ ಬೇರೆ. ಹೋದ ವರ್ಷ ಕಂಬಳಿ ಮಾರುವ ಸಾವಂತ್ರೆವ್ವ ನನ್ನ ಮನೆಗೆ ಬಂದು, "ಅಜ್ಜಾರ, ಮೊಬೈಲ್‌ದಾಗ ಕಂಬಳಿ ಅಂತ ಹುಡುಕಿದ್ರ ನಮ್ಮ ಅಂಗಡಿ ಮೊದಲ ಬರಬೇಕ್ರಿ. ಅದಕ್ಕ ಬ್ಯಾರೆ ಯಾರೂ ಬರೀದಿದ್ದು, ಈ ಊರಿಂದ ಅನ್ನೂವಂಥಾದ್ದು ಹಾಕಬೇಕಂತ. ನೀವ ಬರದು ಕೊಡ್ರಿ" ಎಂದಳು. ಬೇರೆಲ್ಲೂ ಇಲ್ಲದ್ದು ನಮ್ಮೂರಲ್ಲಿ ಇರುವುದು ಈ ಕಟ್ಟೆಯ ಕಥೆ ಒಂದೇ. ಅದನ್ನೇ ಬರೆದುಕೊಟ್ಟೆ.

ಹಿಂದೊಂದು ಕಾಲದಲ್ಲಿ ಈ ಕಟ್ಟೆಯ ಮೇಲೆ ಕೆಂಚವ್ವ ಎಂಬ ವಿಧವೆ ನಿಂತು ಅಂಗಡಿಗಳ ಪರವಾಗಿ ಕೂಗುತ್ತಿದ್ದಳು. ಎತ್ತಿನ ಮೇಲೆ ಹೇರು ಹಾಕಿಕೊಂಡು ಬರುವ ವ್ಯಾಪಾರಿಗಳಿಗೆ ಆಗ ಒಂದು ದಿಬ್ಬದ ಹಿಂದಿದ್ದ ಅಂಗಡಿಗಳು ದಾರಿಯಿಂದ ಕಾಣುತ್ತಿರಲಿಲ್ಲ. ಅವರು ಕೆಂಚವ್ವನ ಕೂಗು ಕೇಳಿಯೇ ದಾರಿ ಹಿಡಿಯುತ್ತಿದ್ದರು. ಅವಳದೊಂದು ಪದ್ಧತಿಯಿತ್ತು. ಯಾರಿಗಾಗಿ ಕೂಗಬೇಕೋ ಅವರ ಅಂಗಡಿಯಲ್ಲಿ ದಿನವಿಡೀ ಕೂತು, ಅವರ ಮನೆಯ ರೊಟ್ಟಿ ತಿಂದು, ಉಣ್ಣೆ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮಾತು ಕಟ್ಟುವಳು. ಒಬ್ಬರಿಗೆ ಕೂಗಿದ ಮಾತನ್ನು ಇನ್ನೊಬ್ಬರಿಗೆ ಕೂಗುತ್ತಿರಲಿಲ್ಲ. ನೇಕಾರ ಬೀರಣ್ಣನಿಗೆ ಆಕೆ ಕಟ್ಟಿದ ಮಾತು, ಅವನ ಕಂಬಳಿಯಲ್ಲಿ ಬೇಗ ಪಿಸಿಯುವ ಸತ್ತ ಕುರಿಯ ಉಣ್ಣೆ ಒಂದೆಳೆಯೂ ಇಲ್ಲ ಎಂಬುದು. ಜನ ನಂಬಿದರು. ಬೀರಣ್ಣನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಇದು ಅಡಿವೆಪ್ಪಶೆಟ್ಟಿಯ ಕಣ್ಣು ಕುಕ್ಕಿತು. ಊರಿಗೆಲ್ಲ ದೊಡ್ಡ ಅಂಗಡಿ ಅವನದು. ಅದೇ ಮಾತನ್ನು ತನಗೂ ಕೂಗು ಎಂದು ಕೇಳಿದ. "ನಿನ್ನ ಅಂಗಡ್ಯಾಗೂ ಕುಂತ ಬಂದೀನಿ ಶೆಟ್ಟಿ. ಅಲ್ಲಿ ಸತ್ತ ಕುರಿ ಉಣ್ಣಿನ ಹೆಚ್ಚೈತಿ" ಎಂದಳು ಕೆಂಚವ್ವ. ಶೆಟ್ಟಿ ಕೂಲಿ ಆಳುಗಳನ್ನಿಟ್ಟು ಬೀರಣ್ಣನ ಮಾತನ್ನೇ ಕೂಗಿಸಿದ. ಅವನನ್ನು ನೋಡಿ ಉಳಿದವರೂ ಕೂಗಿಸಿದರು. ಮೂರು ದಾರಿಯಲ್ಲೂ ಅದೇ ಮಾತು ಕೇಳತೊಡಗಿದಾಗ ವ್ಯಾಪಾರಿಗಳು ಯಾರನ್ನೂ ನಂಬದೆ ಬೇರೆ ಊರಿನ ಸಂತೆಗೆ ತಿರುಗಿಕೊಂಡರು. ಕದ್ದವರಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಂಗಡಿಯವರೆಲ್ಲ ಕೂಡಿ, ಮಾತು ಕಟ್ಟಿದವಳದೇ ತಪ್ಪು ಎಂದು ತೀರ್ಮಾನಿಸಿ, ಇದೇ ಕಟ್ಟೆಯ ಮೇಲೆ ಹಾಡುಹಗಲಲ್ಲಿ ಅವಳ ನಾಲಗೆ ಕತ್ತರಿಸಿದರು. ಆಗ ಅವಳ ಕೈಗಳನ್ನು ಬಿಗಿಯಾಗಿ ಹಿಡಿದವನು ಬೀರಣ್ಣನೇ ಎನ್ನುತ್ತಾರೆ.

ಆಮೇಲೆ ಯಾರೂ ಎಣಿಸದ ಸಂಗತಿ ನಡೆಯಿತು. ನಾಲಗೆ ಕಳೆದುಕೊಂಡ ಕೂಗುಗಾತಿಯನ್ನು ನೋಡಲು ಊರೂರುಗಳಿಂದ ಜನ ಬಂದರು. ಬಂದವರು ಕಂಬಳಿ ಕೊಂಡರು. ಬೇರೆ ಯಾವ ಸಂತೆಯಲ್ಲೂ ಇಲ್ಲದ್ದು ತಮ್ಮಲ್ಲಿದೆ ಎಂದು ಅಂಗಡಿಯವರಿಗೆ ಆಗ ಹೊಳೆಯಿತು. ಆಕೆ ಎದ್ದು ಹೋದರೆ ಗತಿಯೇನು ಎಂದು ಬಂಡೆಗೆ ಬಳೆ ಬಡಿದು, ಅವಳ ಕಾಲಿಗೆ ಸರಪಳಿ ಹಾಕಿದರು. ಹೊತ್ತುಹೊತ್ತಿಗೆ ಗಂಜಿ ಕೊಡುತ್ತಿದ್ದರು. ಅದನ್ನು ಧರ್ಮ ಎಂದೂ ಹೇಳಿಕೊಳ್ಳುತ್ತಿದ್ದರು.

ಸುದ್ದಿ ತಿಳಿದು, ಬಡಗಣ ಹಳ್ಳಿಗೆ ಕೊಟ್ಟಿದ್ದ ಮಗಳು ಗೌರವ್ವ ಓಡಿಬಂದು, ನಮ್ಮವ್ವನ್ನ ಕಳಿಸಿಕೊಡಿ ಎಂದು ಶೆಟ್ಟಿಯ ಕಾಲು ಹಿಡಿದಳು. ಶೆಟ್ಟಿ ಸಿಟ್ಟಾಗಲಿಲ್ಲ. "ಕರಕೊಂಡ ಹೋಗವ್ವಾ, ಯಾರ ಬ್ಯಾಡಂದ್ರು? ಆದರ ಕಟ್ಟಿ ಬರೇ ಇರಬಾರದು. ಆಕಿ ಜಾಗಾದಾಗ ನೀ ಕೂಡ್ತೀಯೇನು?" ಎಂದ. ಮಗಳು ಹೂಂ ಎನ್ನಲು ಬಾಯಿ ತೆರೆದಳು. ಕೆಂಚವ್ವ ಕೈಗೆ ಸಿಕ್ಕ ಕಲ್ಲೆತ್ತಿ ಮಗಳ ಹಣೆಗೆ ಬೀಸಿದಳು. ಮತ್ತೊಂದು ಬೀಸಿದಳು. ಅವ್ವನಿಗೆ ಹುಚ್ಚು ಹಿಡಿದಿದೆ ಎಂದುಕೊಂಡು ಗೌರವ್ವ ರಕ್ತ ಒರೆಸಿಕೊಳ್ಳುತ್ತ ಬಡಗಣ ದಾರಿ ಹಿಡಿದು ಓಡಿದಳು. ಆದರೂ ಕರುಳು ಕೇಳಲಿಲ್ಲ. ಸಂತೆ ಸಂತೆಗೂ ಬಂದು ದೂರದಲ್ಲಿ ನಿಲ್ಲುತ್ತಿದ್ದಳು. ಪ್ರತಿ ಸಲವೂ ಕಲ್ಲು ಹಾರಿಬರುತ್ತಿತ್ತು. ತಾಯಿ ಸಾಯುವತನಕ ಹೀಗೇ ನಡೆಯಿತು. ಗುಡ್ಡೆಯ ತಳದಲ್ಲಿರುವುದು ಆ ಕಲ್ಲುಗಳೇ ಎನ್ನುತ್ತಾರೆ. ಆಕೆ ಸತ್ತ ಮೇಲೆ ನೋಡಲು ಬರುವ ಜನ ತಪ್ಪಬಾರದೆಂದು ಅಂಗಡಿಯವರು ಮೂರ್ತಿ ಕೆತ್ತಿಸಿ, ಮೂಕವ್ವನ ಕಟ್ಟೆ ಎಂದು ಹೆಸರಿಟ್ಟರು.

ಸಾವಂತ್ರೆವ್ವ ಇದನ್ನು ಓದಿಸಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ, "ಮಗಳಿಗೆ ಕಲ್ಲ ಒಗದ್ಲು ಅಂತ ಹಾಕಿದ್ರ ಮಂದಿ ಬರತಾರೇನ್ರಿ ಅಜ್ಜಾರ? ಹರಕಿ ಹೊತ್ತು ಒಗದ ಕಲ್ಲು ಅಂತ ಮಾಡ್ರೆಲಾ" ಎಂದಳು. ನನಗೆ ಮೈ ಉರಿಯಿತು, ಆಗುವುದಿಲ್ಲ ಎಂದೆ. ಬೇರೆ ಯಾರಿಂದಲೋ ಹಾಗೆಯೇ ಬರೆಸಿ ಹಾಕಿದಳು. ಅವಳ ಅಂಗಡಿ ಮೊದಲು ಬಂತು. ಹದಿನೈದು ದಿನದೊಳಗೆ ಉಳಿದವರೂ ಅದನ್ನೇ ಇಳಿಸಿಕೊಂಡರು.

ಈಗ ಕಾರಿನಲ್ಲಿ ಬರುವವರೆಲ್ಲ ಕಟ್ಟೆಯ ಮೇಲೆ ನಿಂತು, ಮನಸ್ಸಿನಲ್ಲಿ ಏನೋ ಬೇಡಿಕೊಂಡು, ಬಡಗಣ ದಾರಿಗೆ ಕಲ್ಲೆಸೆದು ಫೋಟೊ ತೆಗೆಸಿಕೊಳ್ಳುತ್ತಾರೆ. ನಿನ್ನೆ ಒಬ್ಬ ತಾಯಿ ತನ್ನ ಪುಟ್ಟ ಮಗಳ ಕೈಗೆ ಕಲ್ಲು ಕೊಟ್ಟು, ಜೋರಾಗಿ ಎಸಿ ಎಂದು ನಗುತ್ತಿದ್ದಳು. ಕಲ್ಲು ಗೌರವ್ವ ನಿಲ್ಲುತ್ತಿದ್ದ ಜಾಗದಲ್ಲೇ ಬಿತ್ತು. ಮೂರ್ತಿಯ ಮುಖ ಇರುವುದೂ ಆ ಕಡೆಗೇ.