ಕುಡುಗೋಲಿನ ಹದದಲ್ಲಿ ಮಾಡಿದ ಕೊಂಡಿ

ಗಜೇಂದ್ರಗಡದ ಹತ್ತಿರದ ಒಂದು ಊರಲ್ಲಿ ಮೌನೇಶ ಎಂಬ ಮೇಸ್ತ್ರಿಯ ವೆಲ್ಡಿಂಗ್ ಅಂಗಡಿ ಇತ್ತು. ಅವನ ಕೈಕೆಳಗೆ ಕಳಕಪ್ಪ ಕೆಲಸ ಮಾಡುತ್ತಿದ್ದ. ಕಳಕಪ್ಪನದು ಕಮ್ಮಾರರ ಮನೆತನ. ಅವರ ಮನೆಯ ಕುಡುಗೋಲು ಎಂದರೆ ಸುತ್ತಲಿನ ಹಳ್ಳಿಯವರು ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಆ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು. ಇರಲಿ, ಕೆಲಸ ಬಲ್ಲವನಿಗೆ ಅಷ್ಟಾದರೂ ಬೇಡವೇ?

ಒಂದು ದಿನ ಪಾತ್ರೆ ಮಾರುವ ರಾಜೇಸಾಬ ಬೈಕ್ ತಳ್ಳಿಕೊಂಡು ಅಂಗಡಿಗೆ ಬಂದ. ಜೊತೆಗೆ ಹೆಂಡತಿ ಹುಸೇನಬಿ ಇದ್ದಳು. ಗಂಡಹೆಂಡತಿ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಕೊಡ ಹೇರಿಕೊಂಡು ಒಂದೇ ಬೈಕಿನಲ್ಲಿ ಊರೂರು ತಿರುಗುವವರು. ಭಾರಕ್ಕೆ ಬೈಕಿನ ಹಿಂಭಾಗ ಕುಗ್ಗಿ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು.

"ಮೌನೇಶಣ್ಣ, ಹಿಂದಿನ ಶಾಕ್ ಅಬ್ಸಾರ್ಬರ್ ಕೆಳಗ ಒಂದೊಂದು ಕೊಂಡಿ ಮಾಡಿ ಹಾಕು. ಗಾಡಿ ಒಂದೆರಡು ಬೆರಳು ಮ್ಯಾಲೆ ಎದ್ದರ ಸಾಕು. ನಾಳೆ ಗುಡ್ಡ ಇಳಿದು ಸಂತಿಗೆ ಹೋಗಬೇಕು" ಎಂದ ರಾಜೇಸಾಬ.

"ಭಾರ ಕಡಿಮಿ ಮಾಡೋ ಸಾಬ. ಇಲ್ಲಾಂದ್ರ ಗಟ್ಟಿ ಸ್ಪ್ರಿಂಗಿಂದು ಹೊಸಾದು ತಗೊಂಡು ಬಾ" ಎಂದ ಮೌನೇಶ.

ರಾಜೇಸಾಬ ಕೇಳಲಿಲ್ಲ. ಕೇಳುವವನಾಗಿದ್ದರೆ ಗಾಡಿ ಅಷ್ಟು ಕುಗ್ಗುತ್ತಲೇ ಇರಲಿಲ್ಲ. ಕೊನೆಗೆ ಮೌನೇಶ, "ಕಳಕಪ್ಪ, ಆ ದಪ್ಪನ್ನ ಮೈಲ್ಡ್ ಸ್ಟೀಲ್ ಪಟ್ಟಿ ಐತಲ್ಲ, ಅದರಾಗ ಕೊಯ್ದು ಮಾಡು" ಎಂದು ಹೇಳಿ ಊಟಕ್ಕೆ ಹೋದ.

ಕಳಕಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಮೈಲ್ಡ್ ಸ್ಟೀಲ್ ಅಂದರೆ ಮೆತ್ತಗಿನ ಕಬ್ಬಿಣ. ಕಿಟಕಿಗೆ, ಗೇಟಿಗೆ ಸೈ. ಇಬ್ಬರು ಮನುಷ್ಯರು ಕೂರುವ ಗಾಡಿಗೆ ಅದನ್ನು ಹಾಕುವುದೇ? ಮೂಲೆಯಲ್ಲಿ ಲಾರಿಯ ಮುರಿದ ಕಮಾನ್ ಪಟ್ಟಿ, ಅಂದರೆ ಸ್ಪ್ರಿಂಗಿನ ಉಕ್ಕು, ಬಿದ್ದಿತ್ತು. ಅವರ ಮನೆಯಲ್ಲಿ ಕುಡುಗೋಲು ಆಗುತ್ತಿದ್ದದ್ದು ಅದರಲ್ಲೇ. ಅದನ್ನು ಕಾಯಿಸಿ, ಬಡಿದು, ತೂತು ಹೊಡೆದು ಎರಡು ಕೊಂಡಿ ಮಾಡಿದ. ಆಮೇಲೆ ಕುಡುಗೋಲಿಗೆ ಮಾಡುವ ಹಾಗೇ ಗಡಸಾಗಲೆಂದು ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದ. ಅರದಿಂದ ತಿಕ್ಕಿ ನೋಡಿದ. ಅರ ಜಾರಿತೇ ಹೊರತು ಗೀರು ಬೀಳಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು.

ಮೌನೇಶ ಬಂದವನು ಒಂದು ಕೊಂಡಿಯನ್ನು ತಿರುಗಿಸಿ ನೋಡಿದ. "ನೀರಿಗೆ ಅದ್ದೀಯೇನು?"

"ಅದ್ದದ ಬಿಡ್ತೀನೇನು ಕಾಕಾ? ಅರ ಹಚ್ಚಿ ನೋಡ್ರಿ."

ರಾಜೇಸಾಬ ತಾನೇ ಅರ ಹಚ್ಚಿ ನೋಡಿ ತಲೆದೂಗಿದ. "ಇದನ್ನ ಹಾಕ್ರಿ, ಇದ ಛಲೋ ಐತಿ."

ಮೌನೇಶ ಕಳಕಪ್ಪನ ಕೈಗೆ ಸುತ್ತಿಗೆ ಕೊಟ್ಟ. "ವೈಸಿನ ಬಾಯಾಗ ಬಿಗಿದು ಒಂದು ಏಟು ಹಾಕು."

"ಮಾಡಿದ ಕೆಲಸಾನ ಗಿರಾಕಿ ಮುಂದ ಬಡಿಯೂದೇನು ಕಾಕಾ? ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ಬ್ಯಾಡ ಬಿಡು. ಗಾಡಿಗೇ ಹಾಕು. ಪಾತ್ರೆ ಎಲ್ಲಾ ಹೇರ್ರಿ. ಹುಸೇನಬಿ ಇಲ್ಲೇ ಇರ್ಲಿ, ಆಕಿ ಜಾಗಾದಾಗ ನೀ ಕುಂದರು. ಗುಡ್ಡ ಇಳಿದು ಬರ್ರಿ" ಎಂದ ಮೌನೇಶ.

ಕಳಕಪ್ಪ ರಸ್ತೆಯ ಕಡೆ ನೋಡಿದ. ಗುಡ್ಡದ ಇಳಿಜಾರು, ಅದರ ತುಂಬ ತಗ್ಗು. ಅವರಪ್ಪ ಮಾಡಿದ ಹೊಸ ಕುಡುಗೋಲೊಂದು ಕೈಜಾರಿ ಕಲ್ಲಿನ ಮೇಲೆ ಬಿದ್ದು ಎರಡು ತುಂಡಾದದ್ದು ಅವನಿಗೆ ನೆನಪಾಯಿತು. ಅಪ್ಪ ನಕ್ಕು ಇನ್ನೊಂದು ಮಾಡಿಕೊಟ್ಟಿದ್ದ. ಇಲ್ಲಿ ತುಂಡಾದರೆ ಇನ್ನೊಂದು ಮಾಡಿಕೊಡುವ ಹಾಗಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಕೊಂಡಿಯನ್ನು ವೈಸಿಗೆ ಹಿಡಿದು ಸುತ್ತಿಗೆ ಎತ್ತಿದ.

ಒಂದೇ ಏಟಿಗೆ ಅದು ಬಳಪದ ಹಾಗೆ ಮುರಿಯಿತು.

"ಹಿಂದ ಕುಂದ್ರಾಕಿ ನಾನು. ಯಾವುದು ಹಾಕೂದಂತ ನನ್ನ ಯಾರೂ ಕೇಳಲಿಲ್ಲ" ಎಂದಳು ಹುಸೇನಬಿ.

ರಾಜೇಸಾಬ ತಲೆ ತಗ್ಗಿಸಿದ. ಕಳಕಪ್ಪ ಮೈಲ್ಡ್ ಸ್ಟೀಲಿನ ತುಂಡೊಂದನ್ನು ವೈಸಿಗೆ ಹಿಡಿದು ಬೆವರು ಇಳಿಯುವವರೆಗೆ ಬಡಿದ. ಅದು ಬಾಗಿತು, ಸೊಟ್ಟಾಯಿತು, ಮುರಿಯಲಿಲ್ಲ.

"ಕುಡುಗೋಲಿನ ಕೆಲಸ ಕೊಯ್ಯೂದು, ಅದಕ್ಕ ಗಡಸು ಬೇಕು. ಇದರ ಕೆಲಸ ಪೆಟ್ಟು ತಿನ್ನೂದು. ನೀರಿಗೆ ಅದ್ದಿದ ಗಡಸು ಪೆಟ್ಟಿಗೆ ಬಾಗೂದಿಲ್ಲ, ಮುರೀತೈತಿ" ಎಂದ ಮೌನೇಶ. ದಪ್ಪ ಮೈಲ್ಡ್ ಸ್ಟೀಲಿನಲ್ಲೇ ಹೊಸ ಕೊಂಡಿಗಳಾದವು. "ಭಾರ ಹೆಚ್ಚು ಮಾಡಬ್ಯಾಡ" ಎಂದು ಹೇಳಿ ಕಳಿಸಿದರು.

ಕೆಲವು ತಿಂಗಳು ಕಳೆದವು. ಒಂದು ದಿನ ರಾಜೇಸಾಬ ಹುಸೇನಬಿಯ ಜೊತೆ ಬೈಕ್ ತಳ್ಳಿಕೊಂಡು ಬೈಯುತ್ತಲೇ ಬಂದ. ಹಬ್ಬದ ವ್ಯಾಪಾರವೆಂದು ಮೊದಲಿಗಿಂತ ಹೆಚ್ಚು ಹೇರಿದ್ದನಂತೆ. ಹುಸೇನಬಿ ಹಿಂದೆ ಕೂತಿದ್ದಾಗಲೇ ಇಳಿಜಾರಿನಲ್ಲಿ ಗಾಡಿ ತಗ್ಗಿಗೆ ಬಿತ್ತು. ಕೊಂಡಿ ಬಾಗಿ ಟೈರು ಕರಕರ ಎಂದು ಉಜ್ಜತೊಡಗಿತು. ಗಾಬರಿಯಾಗಿ ನಿಲ್ಲಿಸಿದನಂತೆ.

"ಎಂಥಾ ಕಬ್ಬಿಣ ಹಾಕೀರಿ? ವ್ಯಾಪಾರ ಎಲ್ಲಾ ಹಾಳಾತು. ಕೆಲಸ ಬರದಿದ್ರ ಅಂಗಡಿ ಯಾಕ ತೆಗಿಬೇಕು?" ಎಂದು ರಸ್ತೆಯವರಿಗೆಲ್ಲ ಕೇಳುವಂತೆ ಕೂಗಾಡಿದ.

ಹಿಂದೆ ಆಗಿದ್ದರೆ ಕಳಕಪ್ಪ ಜಗಳಕ್ಕೇ ನಿಲ್ಲುತ್ತಿದ್ದ. ಈಗ ಅವನು ಹುಸೇನಬಿಯನ್ನೇ ನೋಡುತ್ತಿದ್ದ. ಅವಳು ನೆರಳಲ್ಲಿ ಕುಳಿತು, ನಗ್ಗಿದ ಪಾತ್ರೆ ಯಾವುದು ಎಂದು ಒಂದೊಂದನ್ನೇ ಒರೆಸಿ ನೋಡುತ್ತಿದ್ದಳು. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಕಳಕಪ್ಪನ ಕಣ್ಣು ತುಂಬಿತು.

"ಬೈಯ್ರಿ ಸಾಬ್ರ, ಇನ್ನಷ್ಟು ಬೈಯ್ರಿ" ಎಂದು ಅವನು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನಟ್ಟು ಬಿಚ್ಚತೊಡಗಿದ.

ನೀತಿ: ಗೀರು ಬೀಳದ್ದೆಲ್ಲ ಗಟ್ಟಿ ಎಂದು ತಿಳಿಯಬೇಡಿ. ಜೀವ ಹೊರುವ ಭಾಗವನ್ನು ಕೈಯಾರೆ ಮಾಡುವುದಾದರೆ, ಮುರಿಯುವ ಮೊದಲು ಬಾಗಿ ಎಚ್ಚರಿಸುವ ವಸ್ತುವನ್ನೇ ಆರಿಸಿ. ಅದರಿಂದ ಕೆಲಸಗಾರನಿಗೆ ಬೈಗುಳ ಬರಬಹುದು. ಬೈಯುವವನು ಜೀವಂತ ಇದ್ದಾನಲ್ಲ, ಅಷ್ಟು ಸಾಕು.