ಶಂಕ್ರವ್ವನ ವಿಳಾಸ

ಕುಪ್ಪಸದ ಖಣ ನೇಯುವವರ ಸಂಘಕ್ಕೊಂದು ವೆಬ್‌ಸೈಟ್ ಇತ್ತು. ಅದರ ವಿಳಾಸ ಶಂಕ್ರವ್ವನ ಹೆಸರಿನಲ್ಲೇ. ಹಳೆ ಕಾರ್ಯದರ್ಶಿ ಶಂಕ್ರವ್ವ ಹತ್ತು ವರ್ಷ ಮಗ್ಗದಿಂದ ಮಗ್ಗಕ್ಕೆ ಅಲೆದು, ಒಂದೊಂದು ಖಣದ ಫೋಟೋ ತೆಗೆದು ಅದರಲ್ಲಿ ಹಾಕಿದ್ದಳು.

ಹೊಸ ಅಧ್ಯಕ್ಷರು ಗುಮಾಸ್ತನನ್ನು ಕರೆದರು. "ನಾಳೆ ಉದ್ಘಾಟನೆ. ನನ್ನ ಹೆಸರಿಂದು ಹೊಸಾ ವೆಬ್‌ಸೈಟ್ ಬೇಕು. ಆಕಿದು ಅಳಿಸಿಬಿಡು."

ಒಂದೇ ದಿನದಲ್ಲಿ ಎಲ್ಲಿಂದ ತರೋದು? ಗುಮಾಸ್ತ ಅಧ್ಯಕ್ಷರ ಹೆಸರಿನದೊಂದು ವಿಳಾಸ ಕೊಂಡ. ಯಾವ ಹೆಸರು ಎಲ್ಲಿಗೆ ಹೋಗಬೇಕೆಂದು ಹೇಳುವ ಅದರ ಡಿಎನ್‌ಎಸ್ ಪಟ್ಟಿಯಲ್ಲಿ ಒಂದೇ ಸಾಲು ಸೇರಿಸಿದ: ಈ ಹೆಸರು ಕೇಳಿ ಬಂದವರನ್ನು ಶಂಕ್ರವ್ವನ ಹೆಸರಿಗೆ ಕಳಿಸು.

ಮರುದಿನ ಸಭೆಯ ಮುಂದೆ ಅಧ್ಯಕ್ಷರು ತಮ್ಮ ಹೆಸರು ಒತ್ತಿದರು. ಮೇಲೆ ವಿಳಾಸದ ಜಾಗದಲ್ಲಿ ಅವರ ಹೆಸರು, ಕೆಳಗೆ ಪರದೆ ತುಂಬ ಖಣ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಮೀಸೆ ತಿರುವುತ್ತ ಕೇಳಿದರು, "ಆಕಿದು ಅಳಿಸಿದ್ಯೋ ಇಲ್ಲೋ?"

"ಈಗ ಬೇಕಾರ ಅಳಿಸ್ತೀನ್ರಿ. ಆದ್ರ ನಿಮ್ಮದೂ ಹೋಗ್ತೈತ್ರಿ. ನಿಮ್ಮ ಹೆಸರು ಆಕಿ ಮನಿಗೇ ದಾರಿ ತೋರಸಾಕತ್ತೈತಿ."

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. "ಹಂಗಾರ ಇರ್ಲಿ ಬಿಡು," ಅಂದರು.

ಗೆದ್ದೆ ಅಂದುಕೊಂಡು ಗುಮಾಸ್ತ ಶಂಕ್ರವ್ವನ ಮನೆಗೆ ಓಡಿದ. "ಅವ್ವಾರ, ಒಂದು ಖಣಾನೂ ಹೋಗಿಲ್ರಿ."

ಶಂಕ್ರವ್ವ ಮೊಬೈಲಿನಲ್ಲಿ ನೋಡಿದಳು. "ಎಲ್ಲಾ ಹಂಗೇ ಅದಾವ ತಮ್ಮಾ. ಆದ್ರ ಇನ್ನ ಜನ, ಅವನ ಮನಿಗೆ ಹೋಗಿ ಬಂದ್ವಿ ಅಂತಾರ."

ಅದಕ್ಕೆ ಯಾವ ಸಾಲು ಬರೀಬೇಕೋ, ಗುಮಾಸ್ತನಿಗೆ ಇವತ್ತಿಗೂ ಗೊತ್ತಿಲ್ಲ.